ಹಾನ್ಲೆಗೆ ಟೆಲಿಸ್ಕೋಪ್ ಒಯ್ಯುವವರು ಮೊದಲು ಲ್ಯಾಪ್‌ಟಾಪ್ ಬಗ್ಗೆ ಯೋಚಿಸಿ

ಮೊದಲ ರಾತ್ರಿ ಒಂಬತ್ತೂವರೆಗೆ ಲ್ಯಾಪ್‌ಟಾಪ್ 'ಟಿಡಿಂಗ್' ಅಂತ ಸದ್ದು ಮಾಡಿತು. ಯುಎಸ್‌ಬಿಯಿಂದ ಏನೋ ಕಳಚಿಕೊಂಡಾಗ ವಿಂಡೋಸ್ ಮಾಡುತ್ತದಲ್ಲ, ಅದೇ ಸದ್ದು. ನೋಡಿದರೆ ಟೆಲಿಸ್ಕೋಪಿಗೆ ಕಟ್ಟಿದ್ದ ಕ್ಯಾಮೆರಾದ ಸಂಪರ್ಕ ಹೋಗಿತ್ತು. ತಲೆ ಎತ್ತಿದರೆ ಆಕಾಶಗಂಗೆ ಈ ಬೆಟ್ಟದಿಂದ ಆ ಬೆಟ್ಟದವರೆಗೆ ಹಾಸಿಕೊಂಡಿದೆ. ಆಂಡ್ರೊಮಿಡಾ ಗ್ಯಾಲಕ್ಸಿ ಬರಿಗಣ್ಣಿಗೇ ಉದ್ದನೆಯ ಬೆಳಕಿನ ಮಚ್ಚೆಯಾಗಿ ಕಾಣುತ್ತಿದೆ. ಅಂಥ ಆಕಾಶದ ಕೆಳಗೆ ನಾವಿಬ್ಬರೂ ಎರಡು ಗಂಟೆ ಪರದೆಗೆ ಕಣ್ಣು ನೆಟ್ಟು ಕೂತಿದ್ದೆವು. ನಿಮಗೆ ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಹಾನ್ಲೆ ಇರುವುದು ಲಡಾಖ್‌ನ ಚಾಂಗ್‌ಥಾಂಗ್ ಪ್ರದೇಶದಲ್ಲಿ. ಲೇಹ್‌ನಿಂದ ಉಪ್ಶಿ, ಚುಮಾಥಾಂಗ್, ಮಾಹೆ, ಲೋಮಾ ದಾಟಿ ಸುಮಾರು 250 ಕಿಲೋಮೀಟರ್. ನಮಗೆ ಎಂಟು ಗಂಟೆ ಹಿಡಿಯಿತು. 2022ರಲ್ಲಿ ಇಲ್ಲಿನ ಸಾವಿರಕ್ಕೂ ಹೆಚ್ಚು ಚದರ ಕಿಲೋಮೀಟರ್ ಜಾಗವನ್ನು ಕತ್ತಲ ಆಕಾಶದ ಮೀಸಲು ಪ್ರದೇಶ ಎಂದು ಘೋಷಿಸಿದರು. ಊರಿನ ಪಕ್ಕದ ಗುಡ್ಡದ ಮೇಲೆ, 4,500 ಮೀಟರ್ ಎತ್ತರದಲ್ಲಿ, ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿರುವ 2 ಮೀಟರ್‌ನ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಅನ್ನು ಉಪಗ್ರಹ ಸಂಪರ್ಕದ ಮೂಲಕ ಹೊಸಕೋಟೆಯಲ್ಲಿ ಕೂತೇ ನಡೆಸುತ್ತಾರೆ. ಬೆಂಗಳೂರಿನಿಂದ ಹೋದವರಿಗೆ ಆ ಗುಮ್ಮಟ ನೋಡಿದಾಗ ನಮ್ಮೂರಿನ ನಂಟು ಎನ್ನುವ ಖುಷಿ ಆಗೇ ಆಗುತ್ತದೆ.

ಹೋದದ್ದು ನಾನು ಮತ್ತು ನನ್ನ ಬಾಮೈದ. ಮಹಾಲಯ ಅಮಾವಾಸ್ಯೆಯ ಹಿಂದುಮುಂದಿನ ಮೂರು ರಾತ್ರಿ ಆರಿಸಿಕೊಂಡಿದ್ದೆವು. ಮಳೆಗಾಲ ಮುಗಿದಿರುತ್ತದೆ, ಕಡುಚಳಿ ಇನ್ನೂ ಶುರುವಾಗಿರುವುದಿಲ್ಲ. ಆದರೂ ನಡುರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ಲೇಹ್‌ನಲ್ಲಿ ಕನಿಷ್ಠ ಎರಡು ದಿನ ಸುಮ್ನೆ ಇದ್ದು ಮೈ ಒಗ್ಗಿಸಿಕೊಳ್ಳಿ. ಆಮೇಲೆ ಹೊರಡಿ. ಪರ್ಮಿಟ್, ಶುಲ್ಕದ ನಿಯಮಗಳು ಬದಲಾಗುತ್ತಿರುತ್ತವೆ, ಅದನ್ನು ಲೇಹ್‌ನಲ್ಲೇ ಕೇಳಿಕೊಳ್ಳಿ. ನಮ್ಮ ಕಡೆಯ ಪ್ರಿಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಇರಬೇಕು. ಹಾನ್ಲೆಯಲ್ಲಿ ಅದನ್ನೂ ನಂಬಿಕೊಂಡು ಕೂರಬೇಡಿ. ಇಂಟರ್ನೆಟ್ ಇಲ್ಲವೇ ಇಲ್ಲ ಅಂದುಕೊಂಡೇ ತಯಾರಾಗಿ.

ಈಗ ಕರೆಂಟಿನ ವಿಷಯ. ಇದು ಬೆಂಗಳೂರಿನಲ್ಲೇ ತೀರ್ಮಾನವಾಗಬೇಕು. ವಿಮಾನದಲ್ಲಿ 100 ವ್ಯಾಟ್-ಅವರ್‌ವರೆಗಿನ ಲಿಥಿಯಂ ಪವರ್ ಬ್ಯಾಂಕ್ ಒಯ್ಯಬಹುದು. 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಅದಕ್ಕಿಂತ ದೊಡ್ಡ ಪವರ್ ಸ್ಟೇಷನ್ ಒಯ್ಯುವಂತಿಲ್ಲ. ಒಯ್ಯುವುದನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಚೆಕ್-ಇನ್ ಲಗೇಜಿನಲ್ಲಿ ಅಲ್ಲ. ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ನಮ್ಮ ಮೌಂಟ್, ತನ್ನ ಸೆನ್ಸರನ್ನು ತಾನೇ ತಂಪು ಮಾಡಿಕೊಳ್ಳುವ ಕ್ಯಾಮೆರಾ, ಲ್ಯಾಪ್‌ಟಾಪ್ ಎಲ್ಲ ಸೇರಿ ಸುಮಾರು 70 ವ್ಯಾಟ್ ಎಳೆಯುತ್ತವೆ. ಎಂಟು ಗಂಟೆಗೆ 560 ವ್ಯಾಟ್-ಅವರ್ ಆಯಿತು. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬಾರದು. ಹಾಗಾಗಿ 12 ವೋಲ್ಟ್, 100 ಆಂಪಿಯರ್-ಅವರ್‌ನದೇ ಬೇಕು. ಲೇಹ್‌ನ ಒಂದು ಅಂಗಡಿಯಲ್ಲಿ ಅದನ್ನು ಬಾಡಿಗೆಗೆ ತೆಗೆದುಕೊಂಡು ಗಾಡಿಯಲ್ಲಿ ಹಾಕಿಕೊಂಡು ಹೋದೆವು. ಹಗಲು ಹೋಂಸ್ಟೇಯಲ್ಲಿ ಚಾರ್ಜ್ ಮಾಡಿದೆವು. ಕರೆಂಟ್ ಯಾವಾಗ ಇರುತ್ತದೆ ಅಂತ ಮನೆಯವರನ್ನು ಮೊದಲೇ ಕೇಳಿ. ನಾವಿದ್ದಾಗ ಬಂದು ಹೋಗಿ ಮಾಡುತ್ತಿತ್ತು.

ಮತ್ತೆ ಆ 'ಟಿಡಿಂಗ್'ಗೆ ಬರೋಣ. ಕ್ಯಾಮೆರಾ ಸಂಪರ್ಕ ಹೋದಾಗ ನಾನು ಮೊದಲು ಅನುಮಾನಿಸಿದ್ದು ಅದರ ಡ್ರೈವರ್ ಸಾಫ್ಟ್‌ವೇರನ್ನು. ಅದನ್ನು ತೆಗೆದು ಮತ್ತೆ ಹಾಕೋಣ ಅಂದೆ. ಬಾಮೈದ ತಡೆದ. "ಭಾವ, ಬೇಡ. ತೆಗೆದ ಮೇಲೆ ಮತ್ತೆ ಸಿಗದಿದ್ದರೆ? ಇಲ್ಲಿ ನೆಟ್ ಎಲ್ಲಿದೆ?" ಅವನು ಹಾಗೆ ಅನ್ನದಿದ್ದರೆ ಇಡೀ ಪ್ರವಾಸವೇ ಅಲ್ಲಿಗೆ ಮುಗಿಯುತ್ತಿತ್ತು. ಕೇಬಲ್ ಬದಲಾಯಿಸಿದೆವು. ಪೋರ್ಟ್ ಬದಲಾಯಿಸಿದೆವು. ಹಬ್ ತೆಗೆದು ನೇರವಾಗಿ ಚುಚ್ಚಿದೆವು. ಪ್ರತಿ ಸಲವೂ ಹತ್ತು ನಿಮಿಷ ಚೆನ್ನಾಗಿ ನಡೆದು ಆಮೇಲೆ ಹೋಗುತ್ತಿತ್ತು. ಕೊನೆಗೆ ಅವನೇ ಗಮನಿಸಿದ. ಸೆನ್ಸರನ್ನು ತಂಪು ಮಾಡುವ ಕೂಲರ್ 100 ಪರ್ಸೆಂಟ್ ತಲುಪಿದಾಗಲೇ ಕ್ಯಾಮೆರಾ ಸಾಯುತ್ತಿದೆ.

ಕಾರಣ ಇಷ್ಟೇ. ಬ್ಯಾಟರಿಯಿಂದ ಐದು ಮೀಟರ್ ಉದ್ದದ ತೆಳು ವೈರ್ ಎಳೆದಿದ್ದೆವು. ಮೌಂಟ್, ಲೆನ್ಸ್ ಮೇಲೆ ಇಬ್ಬನಿ ಕೂರದಂತೆ ತಡೆಯುವ ಡ್ಯೂ ಹೀಟರ್, ಕ್ಯಾಮೆರಾ ಎಲ್ಲ ಅದೇ ಒಂದು ವೈರಿನಲ್ಲಿ. ಕೂಲರ್ ಒಂದೇ 3 ಆಂಪಿಯರ್‌ವರೆಗೆ ಎಳೆಯುತ್ತದೆ. ಅಷ್ಟು ಕರೆಂಟ್ ತೆಳು ವೈರಿನಲ್ಲಿ ಹರಿದಾಗ ಆ ತುದಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ, ಕ್ಯಾಮೆರಾ ಒಂದು ಕ್ಷಣ ತತ್ತರಿಸುತ್ತದೆ, ಲ್ಯಾಪ್‌ಟಾಪ್ ಅದನ್ನು ಯುಎಸ್‌ಬಿ ಕಳಚಿತು ಅಂತ ತಿಳಿಯುತ್ತದೆ. ಕಂಪ್ಯೂಟರ್ ತೊಂದರೆ ಹಾಗೆ ಕಂಡದ್ದು ನಿಜಕ್ಕೂ ವೈರಿನ ತೊಂದರೆ. ಬ್ಯಾಟರಿಯನ್ನು ಟ್ರೈಪಾಡ್ ಕಾಲಿನ ಹತ್ತಿರ ತಂದೆವು. ಕ್ಯಾಮೆರಾಗೆ ಬೇರೆಯೇ ಚಿಕ್ಕ, ದಪ್ಪ ವೈರ್ ಕೊಟ್ಟೆವು. ಡ್ಯೂ ಹೀಟರ್ ತೆಗೆದೇಬಿಟ್ಟೆವು, ಅಲ್ಲಿನ ಒಣ ಗಾಳಿಯಲ್ಲಿ ಅದರ ಕೆಲಸವೇ ಬೀಳಲಿಲ್ಲ. ಸೆನ್ಸರನ್ನು ಮೈನಸ್ 20ರ ಬದಲು ಮೈನಸ್ 10ಕ್ಕೆ ಇಳಿಸಿದರೆ ಸಾಕು ಅಂತ ಸುಮ್ಮನಾದೆವು. ಹೊರಗೇ ಅಷ್ಟು ಚಳಿ ಇರುವಾಗ ಕೂಲರ್‌ಗೆ ಅದು ಆರಾಮ. ಆಮೇಲೆ ಕೊನೆಯ ರಾತ್ರಿಯವರೆಗೂ ಒಮ್ಮೆಯೂ ಕ್ಯಾಮೆರಾ ಸಂಪರ್ಕ ಹೋಗಲಿಲ್ಲ.

ಹಾಗಾಗಿ ಏನೇ ತೊಂದರೆ ಬಂದರೂ ಮೊದಲು ಕರೆಂಟ್ ನೋಡಿ. ಆಮೇಲೆ ಕೇಬಲ್, ಆಮೇಲೆ ಪೋರ್ಟ್, ಆಮೇಲೆ ಸಾಫ್ಟ್‌ವೇರಿನ ಸೆಟ್ಟಿಂಗ್. ಡ್ರೈವರ್ ಮುಟ್ಟುವುದು ಕಟ್ಟಕಡೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಈ ಕ್ರಮವನ್ನು ಮನೆಯಲ್ಲೇ ಕಾಗದದ ಮೇಲೆ ಬರೆದುಕೊಳ್ಳಿ. 'ಇಷ್ಟು ನೆನಪಿರಲ್ವಾ' ಅನ್ನಬೇಡಿ. ಹಾನ್ಲೆ ಊರೇ 4,200 ಮೀಟರ್‌ಗಿಂತ ಎತ್ತರದಲ್ಲಿದೆ. ಆ ಗಾಳಿಯಲ್ಲಿ ರಾತ್ರಿ ಹನ್ನೆರಡಕ್ಕೆ ತಲೆ ಮಂದವಾಗುತ್ತದೆ. ಇದು ಎಲ್ಲರಿಗೂ ಆಗುವ ವಿಷಯ. ನಾನು ಒಂದೇ ಕೇಬಲನ್ನು ಮೂರು ಸಲ ಬದಲಾಯಿಸಿದ್ದೆ, ಪ್ರತಿ ಸಲವೂ ಅದು ಹೊಸ ಯೋಚನೆ ಅನ್ನಿಸಿತ್ತು.

ಎರಡನೇ ರಾತ್ರಿ ಬಂದದ್ದು ಪೋರ್ಟಿನ ಕತೆ. ಬೆಳಗ್ಗೆ ಎಲ್ಲ ಕಳಚಿ ಒಳಗಿಟ್ಟಿದ್ದೆವು. ಸಂಜೆ ಮತ್ತೆ ಜೋಡಿಸಿದಾಗ ಮೌಂಟ್‌ನ ಕೇಬಲ್ ಲ್ಯಾಪ್‌ಟಾಪ್‌ನ ಇನ್ನೊಂದು ತೂತಿಗೆ ಹೋಗಿತ್ತು. ವಿಂಡೋಸ್ ಅದಕ್ಕೆ ಹೊಸ ಕಾಮ್ ಪೋರ್ಟ್ ಸಂಖ್ಯೆ ಕೊಟ್ಟಿತು. ಮೌಂಟ್ ನಡೆಸುವ ಇಕ್ಯೂಮೋಡ್ ಸಾಫ್ಟ್‌ವೇರ್ ಹಳೆಯ ಸಂಖ್ಯೆಯಲ್ಲೇ ಹುಡುಕುತ್ತಿತ್ತು. ಡಿವೈಸ್ ಮ್ಯಾನೇಜರ್ ತೆರೆದು ಹೊಸ ಸಂಖ್ಯೆ ನೋಡಿಕೊಂಡು ಅಲ್ಲಿ ತುಂಬಿದರೆ ಮುಗಿಯಿತು. ಅದಕ್ಕಿಂತ ಒಳ್ಳೆಯದು ಪ್ರತಿ ಕೇಬಲ್‌ಗೂ ಪೋರ್ಟ್‌ಗೂ ಒಂದೇ ಬಣ್ಣದ ಟೇಪ್ ಸುತ್ತಿಬಿಡುವುದು. ಕೆಂಪು ದೀಪದಲ್ಲಿ ಬಣ್ಣಗಳು ಒಂದೇ ಥರ ಕಾಣುತ್ತವೆ, ಆದ್ದರಿಂದ ಟೇಪ್ ಮೇಲೆ ದಪ್ಪ ಪೆನ್ನಿನಲ್ಲಿ ಅಂಕಿಯನ್ನೂ ಬರೆಯಿರಿ.

ಅದೇ ರಾತ್ರಿ ಪ್ಲೇಟ್ ಸಾಲ್ವಿಂಗ್ ಕೂಡ ಕೈಕೊಟ್ಟಿತು. ತೆಗೆದ ಚಿತ್ರದ ನಕ್ಷತ್ರಗಳನ್ನು ನೋಡಿ ಟೆಲಿಸ್ಕೋಪ್ ಎಲ್ಲಿ ತಿರುಗಿದೆ ಅಂತ ಕಂಡುಹಿಡಿಯುವ ಕೆಲಸ ಅದು. ನಾವು ಫೋಕಲ್ ಲೆಂತ್ ಕಡಿಮೆ ಮಾಡುವ ರಿಡ್ಯೂಸರ್ ಲೆನ್ಸ್ ಹಾಕಿದ್ದೆವು, ಆದರೆ ಚಿತ್ರ ತೆಗೆಯಲು ಬಳಸುವ ನೀನಾ ಸಾಫ್ಟ್‌ವೇರಿನಲ್ಲಿ ಹಳೆಯ ಫೋಕಲ್ ಲೆಂತೇ ಉಳಿದಿತ್ತು. ಅದನ್ನು ತಿದ್ದಿದ ಕೂಡಲೇ ಸರಿಹೋಯಿತು. ಪ್ಲೇಟ್ ಸಾಲ್ವಿಂಗ್‌ಗೆ ಆಸ್ಟ್ಯಾಪ್ ಸಾಫ್ಟ್‌ವೇರ್ ಬಳಸುವವರು ಅದರ ನಕ್ಷತ್ರಗಳ ಡೇಟಾಬೇಸನ್ನು ಮನೆಯಲ್ಲೇ ಇಳಿಸಿಕೊಂಡಿರಬೇಕು. ಆನ್‌ಲೈನ್ ಸಾಲ್ವರ್ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಹೊರಡುವ ವಾರ ಮನೆಯ ಮಹಡಿ ಮೇಲೆ ವೈಫೈ ಪೂರ್ತಿ ಆಫ್ ಮಾಡಿ ಒಂದು ರಾತ್ರಿ ಎಲ್ಲ ಓಡಿಸಿ ನೋಡಿ. ಏನೇನು ನೆಟ್ ಕೇಳುತ್ತದೆ ಅಂತ ಆಗಲೇ ಗೊತ್ತಾಗುತ್ತದೆ. ಎಲ್ಲ ಡ್ರೈವರ್‌ಗಳ ಇನ್‌ಸ್ಟಾಲರ್‌ಗಳನ್ನು ಒಂದು ಪೆನ್ ಡ್ರೈವಿಗೆ ಹಾಕಿಟ್ಟುಕೊಳ್ಳಿ. ವಿಂಡೋಸ್ ಅಪ್‌ಡೇಟ್ ನಿಲ್ಲಿಸಿ, ಸ್ಲೀಪ್ ಆಫ್ ಮಾಡಿ. ಪವರ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅಂತ ಒಂದಿದೆ, ಅದನ್ನೂ ಆಫ್ ಮಾಡಿ.

ಜಾಗದ ಅಕ್ಷಾಂಶ, ರೇಖಾಂಶ ಬದಲಾಯಿಸುವುದನ್ನು ಮರೆಯಬೇಡಿ. ಬೆಂಗಳೂರು 13 ಡಿಗ್ರಿಯಲ್ಲಿದೆ, ಹಾನ್ಲೆ 32.8ರಲ್ಲಿ. ಧ್ರುವ ನಕ್ಷತ್ರ ಅಲ್ಲಿ ಅಷ್ಟು ಮೇಲೆ ಏರಿರುತ್ತದೆ, ಮೌಂಟ್‌ನ ತಲೆಯನ್ನೂ ಅಷ್ಟೇ ಎತ್ತಬೇಕು. ಸಾಫ್ಟ್‌ವೇರಿನಲ್ಲಿ ಬೆಂಗಳೂರೇ ಉಳಿದರೆ ಯಾವುದು ಎಷ್ಟು ಎತ್ತರದಲ್ಲಿದೆ ಎನ್ನುವ ಲೆಕ್ಕವೆಲ್ಲ ತಪ್ಪುತ್ತದೆ. ವಸಂತದಲ್ಲಿ ಹೋಗುವವರಿಗೆ ಒಂದು ಉದಾಹರಣೆ: ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ ನಮ್ಮಲ್ಲಿ 29 ಡಿಗ್ರಿವರೆಗೆ ಏರುತ್ತದೆ, ಹಾನ್ಲೆಯಲ್ಲಿ 10 ಡಿಗ್ರಿಯೂ ದಾಟುವುದಿಲ್ಲ. ಬೆಟ್ಟದ ಹಿಂದೆಯೇ ಉಳಿದುಬಿಡಬಹುದು. ನೆಟ್ ಇಲ್ಲದೆ ಲ್ಯಾಪ್‌ಟಾಪ್ ಗಡಿಯಾರ ಹಿಂದುಮುಂದಾಗಿದ್ದರೆ ಫೋನಿನ ಜಿಪಿಎಸ್ ಸಮಯ ನೋಡಿ ಸರಿಮಾಡಿಕೊಳ್ಳಿ.

ಕೆಲವರು ಟೆಲಿಸ್ಕೋಪಿಗೇ ಮಿನಿ ಪಿಸಿ ಕಟ್ಟಿ, ಬೆಚ್ಚಗೆ ಕೋಣೆಯಲ್ಲಿ ಕೂತು ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ನೋಡುತ್ತಾರೆ. ನಾವೂ ಅದನ್ನೇ ಮಾಡಬೇಕು ಅಂತಿದ್ದೆವು. ಆಗಲಿಲ್ಲ. ನೆಟ್ ಸಂಪರ್ಕವೇ ಇಲ್ಲದಾಗ ವಿಂಡೋಸ್‌ನ ಮೊಬೈಲ್ ಹಾಟ್‌ಸ್ಪಾಟ್ ಶುರುವಾಗಲು ಒಪ್ಪಲಿಲ್ಲ. ಒಂದು ಚಿಕ್ಕ ಟ್ರಾವೆಲ್ ರೂಟರ್ ಜೊತೆಗಿದ್ದರೆ ಈ ತಾಪತ್ರಯ ಇಲ್ಲ, ಅದಕ್ಕೆ ಇಂಟರ್ನೆಟ್ ಬೇಕಿಲ್ಲ. ಮಿನಿ ಪಿಸಿಯಲ್ಲಿ ವಿಂಡೋಸ್ ಪ್ರೊ ಇದೆಯೇ ಅಂತಲೂ ನೋಡಿ, ಹೋಮ್ ಆವೃತ್ತಿಗೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಳಹೋಗಲು ಬರುವುದಿಲ್ಲ.

ನಾವು ಲ್ಯಾಪ್‌ಟಾಪನ್ನು ಥರ್ಮೋಕೋಲ್ ಡಬ್ಬದಲ್ಲಿ ಕೂರಿಸಿದೆವು. ಅದರ ಬಿಸಿಯೇ ಅದಕ್ಕೆ ಸಾಕಾಯಿತು. ಪರದೆಗೆ ಕೆಂಪು ಅಕ್ರಿಲಿಕ್ ಹಾಳೆ ಕಡ್ಡಾಯ ಅಂದುಕೊಳ್ಳಿ. ಅಲ್ಲಿಯ ಮನೆಗಳವರು ಕಿಟಕಿಗೆ ದಪ್ಪ ಪರದೆ ಹಾಕಿ ಆ ಕತ್ತಲನ್ನು ಕಾಪಾಡುತ್ತಿದ್ದಾರೆ. ನಮ್ಮ ಬಿಳಿ ಬೆಳಕು ಅದನ್ನು ಕೆಡಿಸಬಾರದು. ಸೊನ್ನೆಗಿಂತ ಕೆಳಗೆ ತಣ್ಣಗಾದ ಲಿಥಿಯಂ ಬ್ಯಾಟರಿಯನ್ನು ತಕ್ಷಣ ಚಾರ್ಜ್‌ಗೆ ಹಾಕಬೇಡಿ, ಅದು ಕೆಡುತ್ತದೆ. ಬೆಳಗಿನ ಜಾವ ಸಾಮಾನು ಒಳಗೆ ತರುವಾಗ ಹೊರಗೇ ಚೀಲದಲ್ಲಿಟ್ಟು ಜಿಪ್ ಎಳೆದು ತನ್ನಿ. ಒಲೆ ಉರಿಯುವ ಅಡುಗೆಮನೆಗೆ ತಣ್ಣನೆಯ ಲ್ಯಾಪ್‌ಟಾಪ್ ಹಾಗೇ ತಂದರೆ ಮೇಲೆಲ್ಲ ನೀರು ಕೂರುತ್ತದೆ.

ಇನ್ನು ಹಾರ್ಡ್ ಡಿಸ್ಕ್. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ನಮ್ಮ ಕ್ಯಾಮೆರಾದ ಒಂದು ಚಿತ್ರ 52 ಎಂಬಿ. ಮೂರು ನಿಮಿಷಕ್ಕೊಂದರಂತೆ ಎಂಟು ಗಂಟೆಗೆ 160 ಚಿತ್ರ, ಅಂದರೆ ರಾತ್ರಿಗೆ 8 ಜಿಬಿಗೂ ಜಾಸ್ತಿ. ಅದನ್ನು ಎರಡು ಕಡೆ ಇಡೋಣ ಅಂತ ಬಾಮೈದ ತನ್ನ ಹಳೆಯ ಎಕ್ಸ್‌ಟರ್ನಲ್ ಡಿಸ್ಕ್ ತಂದಿದ್ದ. ಅದರಲ್ಲಿ ಅವನ ಮಗಳು ಹುಟ್ಟಿದಾಗಿನಿಂದ ತೆಗೆದ ಫೋಟೋಗಳೂ ಇದ್ದವು. ಹಾನ್ಲೆಯಲ್ಲಿ ಚುಚ್ಚಿದರೆ ಟಕ್ ಟಕ್ ಅಂತ ಸದ್ದು ಮಾಡಿತೇ ಹೊರತು ತೆರೆಯಲಿಲ್ಲ. ತಿರುಗುವ ಡಿಸ್ಕಿನಲ್ಲಿ ಓದುವ ತಲೆ ತೆಳುವಾದ ಗಾಳಿಯ ಪದರದ ಮೇಲೆ ತೇಲುತ್ತಿರುತ್ತದೆ. ಸಾಮಾನ್ಯ ಡಿಸ್ಕುಗಳನ್ನು ಸುಮಾರು 3,000 ಮೀಟರ್ ಎತ್ತರದವರೆಗಿನ ಬಳಕೆಗೆ ಮಾಡಿರುತ್ತಾರೆ. ಅದಕ್ಕಿಂತ ಮೇಲೆ ಗಾಳಿ ಸಾಲದೆ ತಲೆ ತಟ್ಟೆಗೆ ತಗಲುವ ಅಪಾಯವಿದೆ. ಆ ಎತ್ತರಕ್ಕೆ ಎಸ್‌ಎಸ್‌ಡಿಯನ್ನೇ ಒಯ್ಯಿರಿ. ಲ್ಯಾಪ್‌ಟಾಪ್ ಒಳಗೂ ಅದೇ ಇರಲಿ.

"ಭಾವ, ಇನ್ನೊಂದು ಸಲ ಹಾಕಿ ನೋಡೋಣ್ವಾ?" ಅಂದ ಅವನು. ಬೇಡ ಅಂದೆ. ಡಿಸ್ಕನ್ನು ಸ್ವೆಟರಿನಲ್ಲಿ ಸುತ್ತಿ ಚೀಲದ ತಳಕ್ಕೆ ಸೇರಿಸಿದೆವು. ಲೇಹ್‌ನಲ್ಲೂ ಮುಟ್ಟಲಿಲ್ಲ, ಅದೂ 3,500 ಮೀಟರ್. ಮನೆಗೆ ಬಂದು ಮಾರನೇ ದಿನ ಚುಚ್ಚಿದೆವು. ತೆರೆಯಿತು. ನಮ್ಮ ಆಂಡ್ರೊಮಿಡಾ ಚಿತ್ರಗಳನ್ನು ಬದಿಗಿಟ್ಟು, ಮೊದಲು ಮಗಳ ಫೋಟೋಗಳನ್ನು ಎಸ್‌ಎಸ್‌ಡಿಗೆ ಕಾಪಿ ಮಾಡಿಕೊಂಡೆವು.