ಆಸ್ಪತ್ರೆ ಚೀಟಿಯಲ್ಲಿ 'ಜಾರಿ ಬಿದ್ದರು' ಅಂತ ಬರೆಸಬೇಡಿ

ನಾನು ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್. ವಕೀಲೆ ಅಲ್ಲ. ಬಂದವರ ಮಾತು ಕೇಳುವುದು, ಅರ್ಜಿ ಬರೆದುಕೊಡುವುದು, ಯಾವ ಕಚೇರಿಗೆ ಹೋಗಬೇಕು ಅಂತ ಹೇಳುವುದು, ಬೇಕಾದರೆ ಜೊತೆಗೆ ಹೋಗುವುದು ನನ್ನ ಕೆಲಸ. ಜಮೀನು, ಜೀವನಾಂಶದ ಕೇಸುಗಳೇ ಜಾಸ್ತಿ. ಈಚೆಗೆ ವೃದ್ಧಾಶ್ರಮದ ದೂರುಗಳೂ ಬರುತ್ತಿವೆ.

ಈ ದೂರು ತರುವವರು ನೇರವಾಗಿ ವಿಷಯಕ್ಕೆ ಬರುವುದಿಲ್ಲ. "ನಮ್ಮ ಪರಿಚಯದವರೊಬ್ಬರಿಗೆ ಹೀಗಾಗಿದೆ ಮೇಡಂ" ಅಂತ ಶುರು ಮಾಡುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಆ ಪರಿಚಯದವರು ಸ್ವಂತ ಅಮ್ಮ ಅಂತ ಗೊತ್ತಾಗುತ್ತದೆ. ಅಮ್ಮನನ್ನು ಆಶ್ರಮಕ್ಕೆ ಬಿಟ್ಟಿದ್ದು ಊರಲ್ಲಿ ಯಾರಿಗೂ ಗೊತ್ತಿರುವುದಿಲ್ಲ. "ಬೆಂಗಳೂರಲ್ಲಿ ಮಗನ ಮನೇಲಿದ್ದಾರೆ" ಅಂತ ಹೇಳಿಕೊಂಡು ಬಂದಿರುತ್ತಾರೆ. ದೂರು ಕೊಟ್ಟರೆ ಅದೂ ಬಯಲಾಗುತ್ತೆ ಅಲ್ವಾ? ಹಳ್ಳಿ ಕಡೆ ಆಶ್ರಮದವರ ಪ್ರಭಾವಕ್ಕಿಂತ ಮನೆಯವರ ಈ ನಾಚಿಕೆಯೇ ಕೇಸನ್ನು ಜಾಸ್ತಿ ಕೆಡಿಸುತ್ತದೆ. ಕೆಡುವುದು ಶುರುವಾಗುವುದು ಆಸ್ಪತ್ರೆಯಲ್ಲಿ.

ಒಂದು ಕೇಸ್ ಹೇಳುತ್ತೇನೆ. ಹೆಸರು, ಊರು ಬೇಡ. ತೋಟದ ನಡುವಿನ ಒಂದು ಆಶ್ರಮ. ಅಜ್ಜಿಯನ್ನು ನೋಡಲು ಮಗಳು ಹೇಳದೆ ಕೇಳದೆ ಹೋಗಿದ್ದರು. ಎರಡೂ ಮಣಿಕಟ್ಟಿನಲ್ಲಿ ಬಟ್ಟೆ ಬಿಗಿದು ಕಟ್ಟಿದ ಗುರುತು. ಮಗ್ಗುಲು ಬದಲಿಸದೆ ಮಲಗಿಸಿದ್ದರಿಂದ ಸೊಂಟದ ಹಿಂದೆ ಹುಣ್ಣು. ಕೆನ್ನೆ ಊದಿತ್ತು. "ರಾತ್ರಿ ಎದ್ದು ಓಡಾಡ್ತಾರೆ, ಬೀಳಬಾರದು ಅಂತ ಕಟ್ಟಿದ್ವಿ" ಅಂದರಂತೆ ಅಲ್ಲಿಯವರು. ಮಗಳು ನನಗೆ ಫೋನ್ ಮಾಡಿದಾಗ ಆಟೋದಲ್ಲಿ ಅಮ್ಮನನ್ನು ಕೂರಿಸಿಕೊಂಡು ಮನೆ ಕಡೆ ಹೊರಟಿದ್ದರು. ಮನೆಗೆ ಬೇಡ, ಸೀದಾ ತಾಲೂಕು ಆಸ್ಪತ್ರೆಗೆ ಹೋಗಿ ಅಂದೆ.

ನಾನು ಅಲ್ಲಿ ತಲುಪುವಷ್ಟರಲ್ಲಿ ಬೆಂಗಳೂರಿನಿಂದ ಆ ಮಗಳ ಅಣ್ಣ ಫೋನ್‌ನಲ್ಲಿದ್ದ. "ಬಚ್ಚಲಲ್ಲಿ ಜಾರಿ ಬಿದ್ದರು ಅಂತ ಬರೆಸು. ಸುಮ್ನೆ ಪೊಲೀಸು, ಗಿಲೀಸು ಅಂತ ಯಾಕೆ?" ಅಂತಿದ್ದ. ಡ್ಯೂಟಿ ಡಾಕ್ಟರ್ ಪೆನ್ನು ಹಿಡಿದು ಕಾಯುತ್ತಿದ್ದರು.

ಡಾಕ್ಟರ್ ಆಗ ಬರೆಯುವ ಆ ಒಂದು ಸಾಲು ಕೊನೆವರೆಗೂ ಬೆನ್ನು ಬಿಡುವುದಿಲ್ಲ. ಹೊಡೆದಿದ್ದಾರೆ, ಕಟ್ಟಿ ಹಾಕಿದ್ದಾರೆ ಅಂತ ಹೇಳಿದರೆ ಅದು ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್), ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸು ಆಗುತ್ತದೆ. ಗಾಯ ಎಲ್ಲಿದೆ, ಎಷ್ಟು ದೊಡ್ಡದು, ಯಾವ ಬಣ್ಣ, ಎಷ್ಟು ಹಳೆಯದು ಅಂತ ಬರೆದು, ಆಸ್ಪತ್ರೆಯವರೇ ಠಾಣೆಗೆ ತಿಳಿಸುತ್ತಾರೆ. ಜಾರಿ ಬಿದ್ದರು ಅಂತ ಬರೆಸಿ ತಿಂಗಳ ನಂತರ ಮನಸ್ಸು ಬದಲಾಯಿಸಿದರೆ, ಎದುರು ವಕೀಲರು ಮೊದಲು ತೋರಿಸುವುದೇ ಆ ಚೀಟಿಯನ್ನು. ನಾನು ಅಣ್ಣನ ಜೊತೆ ವಾದಕ್ಕೆ ಹೋಗಲಿಲ್ಲ. ಡಾಕ್ಟರ್ ಹತ್ತಿರ, "ಅಜ್ಜಿಯನ್ನೇ ಕೇಳಿ ಸರ್" ಅಂದೆ. ಅಜ್ಜಿ ಎರಡೂ ಕೈ ಮುಂದೆ ಚಾಚಿ, "ಸೀರೆ ಹರಿದು ಕಟ್ಟಿದ್ರು" ಅಂದರು. ಡಾಕ್ಟರ್ ಅದನ್ನೇ ಬರೆದರು.

ಠಾಣೆಯಲ್ಲೂ ಪದ ನೋಡಿ ಬರೆಯಬೇಕು. "ನಮ್ಮ ತಾಯಿಗೆ ಹೊಡೆದಿದ್ದಾರೆ" ಅಂತಷ್ಟೇ ಬರೆದರೆ, ಸಾಮಾನ್ಯ ಗಾಯ, ಅಸಂಜ್ಞೇಯ ಅಪರಾಧ (ಪೊಲೀಸರು ತಾವೇ ಎಫ್‌ಐಆರ್ ಮಾಡಲಾಗದ್ದು) ಅಂತ ಹಿಂಬರಹ ಕೊಟ್ಟು ಕಳಿಸಬಹುದು. ಮಂಚಕ್ಕೆ ಕಟ್ಟಿ ಹಾಕಿದ್ದರು ಅನ್ನುವುದು ಬೇರೆ ವಿಷಯ. ಅದು ಅಕ್ರಮ ಬಂಧನ, ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಂಗೆ ಬರುತ್ತದೆ, ಎಫ್‌ಐಆರ್ ಮಾಡಬೇಕಾದ ಅಪರಾಧ. ಕೋಪದಲ್ಲಿ ಬಂದವರು ಬೈಗುಳವನ್ನೆಲ್ಲ ಎರಡು ಪುಟ ಬರೆದಿರುತ್ತಾರೆ, ಕಟ್ಟಿದ್ದನ್ನು ಒಂದು ಸಾಲಿನಲ್ಲಿ ಮುಗಿಸಿರುತ್ತಾರೆ. ನಾನು ಅದನ್ನು ಮೇಲಕ್ಕೆ ತರಿಸುತ್ತೇನೆ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ರಿಜಿಸ್ಟರ್ಡ್ ಪೋಸ್ಟ್, ಅದಕ್ಕೂ ಆಗದಿದ್ದರೆ ಮ್ಯಾಜಿಸ್ಟ್ರೇಟ್.

ದುಡ್ಡು ವಾಪಸ್, ಪರಿಹಾರ ಅಂತ ಕೇಳುವವರಿಗೆ ಗ್ರಾಹಕರ ಆಯೋಗ ಇದೆ. 2019ರ ಕಾಯ್ದೆ ಬಂದ ಮೇಲೆ ದೂರುದಾರರು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. 2 ವರ್ಷದೊಳಗೆ ಹಾಕಬೇಕು. ತೊಡಕು ಇರುವುದು ರಸೀದಿಯಲ್ಲಿ. ಸಣ್ಣ ಆಶ್ರಮಗಳು ಟ್ರಸ್ಟ್ ಹೆಸರಲ್ಲಿ 'ದೇಣಿಗೆ' ಅಂತ ರಸೀದಿ ಕೊಡುತ್ತವೆ. ಪುಕ್ಕಟೆ ಸೇವೆಗೆ ಗ್ರಾಹಕರ ಕಾನೂನು ಇಲ್ಲ. ಹಾಗಾಗಿ ಅವರ ವಕೀಲರು, "ಇದು ಸೇವಾಶ್ರಮ, ಅವರು ಧರ್ಮಕ್ಕೆ ಕೊಟ್ಟಿದ್ದಾರೆ" ಅನ್ನುತ್ತಾರೆ. ಈ ಕೇಸಿನಲ್ಲಿ ಅಣ್ಣನ ಫೋನ್‌ಪೇ ಕೆಲಸಕ್ಕೆ ಬಂತು. ಪ್ರತಿ ತಿಂಗಳ ಮೊದಲ ವಾರ ಅದೇ ಮೊತ್ತ, ಒಂದು ತಿಂಗಳು ತಡವಾಗಿದ್ದಕ್ಕೆ ಆಶ್ರಮದಿಂದ "ಫೀಸ್ ಬಾಕಿ ಇದೆ" ಅಂತ ವಾಟ್ಸಾಪ್. ಧರ್ಮಕ್ಕೆ ಬಾಕಿ ಎಲ್ಲಿಂದ ಬಂತು? ಯಾರಾದರೂ ಇಂಥ ಕಡೆ ದುಡ್ಡು ಕಟ್ಟುತ್ತಿದ್ದರೆ ಕೈಯಲ್ಲಿ ಕೊಡಬೇಡಿ, ಮೆಸೇಜ್ ಅಳಿಸಬೇಡಿ.

ಸೇರಿಸುವಾಗ ಛಾಪಾ ಕಾಗದದ ಮೇಲೆ "ಏನೇ ಆದರೂ ಸಂಸ್ಥೆ ಹೊಣೆಯಲ್ಲ" ಅಂತ ಸಹಿ ಹಾಕಿಸಿಕೊಂಡಿರುತ್ತಾರೆ. ಅದಕ್ಕೆ ಹೆದರಿ ಎಷ್ಟೋ ಜನ ಸುಮ್ಮನಾಗುತ್ತಾರೆ. ಹೊಡೆಯಲು, ಕಟ್ಟಿ ಹಾಕಲು ಯಾವ ಕರಾರೂ ಅನುಮತಿ ಕೊಡುವುದಿಲ್ಲ.

ವಕೀಲರ ಖರ್ಚಿನ ಚಿಂತೆ ಬೇಡ. ಮಹಿಳೆ, ಪರಿಶಿಷ್ಟ ಜಾತಿ, ಪಂಗಡ, ಅಂಗವಿಕಲರು ಆಗಿದ್ದರೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ದೂರು ಅಜ್ಜಿ ಹೆಸರಲ್ಲಿದ್ದರೆ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ ಸುತ್ತಬೇಕಿಲ್ಲ. ಕಚೇರಿಗೆ ಬರಲು ಆಗದವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು. ಹಿರಿಯರ ಸಹಾಯವಾಣಿ 14567.

ತುಂಬಾ ಜನ 2007ರ ಹಿರಿಯ ನಾಗರಿಕರ ಕಾಯ್ದೆ ಹಿಡಿದು ಎಸಿ (ಉಪವಿಭಾಗಾಧಿಕಾರಿ) ಕಚೇರಿಗೆ ಓಡುತ್ತಾರೆ. ಅದು ಮುಖ್ಯವಾಗಿ ಮಕ್ಕಳಿಂದ, ಸಂಬಂಧಿಕರಿಂದ ಜೀವನಾಂಶ ಪಡೆಯಲು, ಬರೆದುಕೊಟ್ಟ ಆಸ್ತಿ ವಾಪಸ್ ಪಡೆಯಲು ಇರುವ ದಾರಿ. ಆಶ್ರಮದಲ್ಲಿ ನಡೆದ ಹಿಂಸೆಗೆ ಅದರಲ್ಲಿ ಹಿಡಿತ ಕಡಿಮೆ. ಆಶ್ರಮಗಳ ನೋಂದಣಿ, ಕನಿಷ್ಠ ಗುಣಮಟ್ಟ ಎಲ್ಲ ಇದ್ದ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಗೆ ಬಂತು, ಕಾಯ್ದೆ ಆಗಲಿಲ್ಲ. ನನಗೆ ಇದರ ಬಗ್ಗೆ ಸಿಟ್ಟಿದೆ.

ಈ ಕೇಸಿನಲ್ಲಿ ಎಫ್‌ಐಆರ್ ಆಯಿತು. ಅಜ್ಜಿಯ ಸಂಧ್ಯಾ ಸುರಕ್ಷಾ ಪಿಂಚಣಿಯ ಪಾಸ್‌ಬುಕ್ ಆಶ್ರಮದ ಬೀರುವಿನಲ್ಲಿತ್ತು, ಪೊಲೀಸರ ಮೂಲಕ ವಾಪಸ್ ಬಂತು. ಗ್ರಾಹಕರ ಆಯೋಗದಲ್ಲಿ ವಿಚಾರಣೆ ನಡೆಯುತ್ತಿದೆ. ಈಗ ಆ ಅಣ್ಣನೇ ಸಾಕ್ಷಿ.

"ಆಶ್ರಮಕ್ಕೆ ಬೀಗ ಹಾಕಿಸಿ ಮೇಡಂ" ಅಂತ ಮಗಳು ಕೇಳಿದ್ದರು. ನಾನು ಹಾಗೆ ಬರೆದುಕೊಡಲಿಲ್ಲ. ಅಲ್ಲಿ ಇನ್ನೂ ಎಷ್ಟೋ ಅಜ್ಜ, ಅಜ್ಜಿಯರು ಇದ್ದಾರೆ. ಕೆಲವರನ್ನು ನೋಡಲು ಯಾರೂ ಬರುವುದಿಲ್ಲ. ಬೀಗ ಹಾಕಿದ ದಿನ ಅವರನ್ನು ಎಲ್ಲಿಗೆ ಕಳಿಸುವುದು? ಅದರ ಬದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿದೆವು: ಡಾಕ್ಟರ್ ಜೊತೆ, ಮುಂಚೆ ತಿಳಿಸದೆ ಭೇಟಿ ಕೊಡಿ, ಹಾಸಿಗೆ ಹಿಡಿದವರ ಬೆನ್ನು ತಿರುಗಿಸಿ ನೋಡಿ, ಯಾರ ಪಾಸ್‌ಬುಕ್ ಯಾರ ಹತ್ತಿರ ಇದೆ ಕೇಳಿ, ರಾತ್ರಿ ಪಾಳಿಯಲ್ಲಿ ಎಷ್ಟು ಜನ ಕೆಲಸಕ್ಕಿದ್ದಾರೆ ನೋಡಿ.