ಮೇಲುಕೋಟೆ ಕ್ಷೇತ್ರದ ಬೂತುವಾರು ಓಟಿನ ಪಟ್ಟಿ: ಕೆಲಸ ಎಲ್ಲಿಗೆ ಬಂತು

ಮಂಡ್ಯ ಜಿಲ್ಲೆಯ ಮೇಲುಕೋಟೆ ವಿಧಾನಸಭಾ ಕ್ಷೇತ್ರದ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಓಟು ಬಂತು ಅನ್ನೋ ನನ್ನ ಪಟ್ಟಿ ಈಗ ಒಂದು ರೂಪಕ್ಕೆ ಬಂದಿದೆ. 2018 ಮತ್ತು 2023ರ ವಿಧಾನಸಭೆ ಚುನಾವಣೆ, 2019 ಮತ್ತು 2024ರ ಲೋಕಸಭೆ ಚುನಾವಣೆ, ಈ ನಾಲ್ಕನ್ನೂ ಒಂದೇ ಶೀಟಿನಲ್ಲಿ ಅಕ್ಕಪಕ್ಕ ಕೂರಿಸಬೇಕು ಅನ್ನೋದು ಗುರಿ. ವಿಧಾನಸಭೆಯ ಎರಡೂ ತುಂಬಿಸಿ ಆಯ್ತು. ಲೋಕಸಭೆಯವು ನಡೀತಾ ಇವೆ.

ಯಾಕೆ ಈ ಕೆಲಸ ಅಂತ ಕೇಳುವವರಿಗೆ ಒಂದು ಮಾತು. ಕ್ಷೇತ್ರದೊಳಗಿನ ಪಾಂಡವಪುರದ ಟೀ ಅಂಗಡಿಯಲ್ಲಿ ಕೂತರೆ 'ಇದು ದಳದ ಕೋಟೆ ಕಣಪ್ಪ' ಅಂತ ಒಬ್ಬರು ಹೇಳ್ತಾರೆ, ಪಕ್ಕದಲ್ಲೇ ಹಸಿರು ಶಾಲು ಹೊದ್ದ ರೈತಸಂಘದವರು ಒಪ್ಪೋದಿಲ್ಲ. ದಳ ಅಂದರೆ ಇಲ್ಲಿ ಜೆಡಿಎಸ್. ಫಲಿತಾಂಶ ನೋಡಿದರೆ ಇಬ್ಬರ ಮಾತೂ ಅರ್ಧ ಸರಿ. ಕ್ಷೇತ್ರ ಮರುವಿಂಗಡಣೆ ಆಗಿ ಮೇಲುಕೋಟೆ ಅನ್ನೋ ಹೆಸರಲ್ಲಿ ಮೊದಲ ಚುನಾವಣೆ ನಡೆದದ್ದು 2008ರಲ್ಲಿ. ಆಗ ದಳದ ಸಿ.ಎಸ್. ಪುಟ್ಟರಾಜು ಗೆದ್ದರು. 2013ರಲ್ಲಿ ರೈತಸಂಘದ ಕೆ.ಎಸ್. ಪುಟ್ಟಣ್ಣಯ್ಯ. 2018ರ ಫೆಬ್ರುವರಿಯಲ್ಲಿ ಪುಟ್ಟಣ್ಣಯ್ಯ ತೀರಿಕೊಂಡರು, ಅಮೆರಿಕದಲ್ಲಿದ್ದ ಮಗ ದರ್ಶನ್ ಬಂದು ನಿಂತರು, ಕಾಂಗ್ರೆಸ್ ತನ್ನ ಅಭ್ಯರ್ಥಿಯನ್ನೇ ಹಾಕದೆ ಬೆಂಬಲ ಕೊಟ್ಟಿತು, ಆದರೂ ಗೆದ್ದದ್ದು ಪುಟ್ಟರಾಜು. 2023ರಲ್ಲಿ ಅದೇ ದರ್ಶನ್, ಅದೇ ಪುಟ್ಟರಾಜು, ಮತ್ತೆ ಕಾಂಗ್ರೆಸ್ ಬೆಂಬಲ, ಈ ಸಲ ದರ್ಶನ್ ಗೆದ್ದರು. ಅಂದರೆ ಈ ಕ್ಷೇತ್ರ ಇಲ್ಲಿಯವರೆಗೆ ಯಾವ ಕಡೆಯನ್ನೂ ಸತತವಾಗಿ ಎರಡು ಸಲ ಗೆಲ್ಲಿಸಿಲ್ಲ. ಇದು ಕೋಟೆ ಹೇಗಾಗುತ್ತೆ?

ಇಡೀ ಮಂಡ್ಯ ಜಿಲ್ಲೆ ನೋಡಿದರೆ ಇನ್ನೂ ಜೋರು. 2018ರಲ್ಲಿ ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳಲ್ಲಿ ಏಳೂ ದಳಕ್ಕೆ. ಒಂದೇ ವರ್ಷಕ್ಕೆ, 2019ರ ಲೋಕಸಭೆಯಲ್ಲಿ, ಪಕ್ಷೇತರರಾಗಿ ನಿಂತ ಸುಮಲತಾ ಅವರು ದಳದ ನಿಖಿಲ್ ಅವರನ್ನು 1.25 ಲಕ್ಷಕ್ಕೂ ಜಾಸ್ತಿ ಓಟಿನಿಂದ ಸೋಲಿಸಿದರು. 2023ರಲ್ಲಿ ದಳಕ್ಕೆ ಉಳಿದದ್ದು ಕೆ.ಆರ್. ಪೇಟೆ ಒಂದೇ. ಮರುವರ್ಷ ಕುಮಾರಸ್ವಾಮಿ ಬಿಜೆಪಿ ಜೊತೆ ಸೇರಿ ಲೋಕಸಭೆಗೆ ನಿಂತಾಗ 2.84 ಲಕ್ಷ ಓಟಿನ ಅಂತರದ ಗೆಲುವು! ಜಾತಿ ಲೆಕ್ಕ ಒಂದರಿಂದಲೇ ಇದನ್ನೆಲ್ಲ ಬಿಡಿಸಿಬಿಡ್ತೀವಿ ಅನ್ನುವವರ ಮಾತು ನನಗೆ ಒಪ್ಪಿಗೆಯಾಗೋದಿಲ್ಲ. ಇಷ್ಟು ಸಣ್ಣ ಅವಧಿಯಲ್ಲಿ ಊರುಗಳ ಜಾತಿ ಬದಲಾಗಿರಲ್ಲ. ಬದಲಾದದ್ದು ಅಭ್ಯರ್ಥಿ, ಮೈತ್ರಿ, ಮತ್ತೆ ಆ ವರ್ಷದ ಕಬ್ಬು, ನಾಲೆ ನೀರು, ಮುಚ್ಚಿದ ಸಕ್ಕರೆ ಕಾರ್ಖಾನೆಯ ಮಾತು. ಇದರಲ್ಲಿ ಯಾವುದು ಎಷ್ಟು ಅಂತ ಕ್ಷೇತ್ರದ ಒಟ್ಟು ಲೆಕ್ಕ ಹೇಳೋದಿಲ್ಲ. ಅದಕ್ಕೇ ಬೂತಿಗೆ ಇಳಿಯಬೇಕು.

ಬೂತುವಾರು ಲೆಕ್ಕ ಸಿಗೋದು ಫಾರಂ 20ರಲ್ಲಿ. ಚುನಾವಣಾ ಆಯೋಗ ಇದನ್ನು ಎಲ್ಲರಿಗೂ ಬಿಟ್ಟಿದೆ, ಒಳ್ಳೆಯದು. ಆದರೆ ಸ್ಕ್ಯಾನ್ ಮಾಡಿದ ಪುಟಗಳು, ಕೆಲವು ಓರೆ, ಕೆಲವು ಮಸುಕು. ಸಾಫ್ಟ್‌ವೇರ್‌ಗೆ ಕೊಟ್ಟರೆ 3 ಹೋಗಿ 8 ಆಗುತ್ತೆ. ಹಾಗಾಗಿ ಪ್ರತಿ ಸಾಲನ್ನೂ ಕೂಡಿ, ಕೊನೆಯ ಮೊತ್ತಕ್ಕೆ ತಾಳೆ ಆದರೆ ಮಾತ್ರ ಮುಂದಿನ ಪುಟ. ಅಂಚೆ ಮತಗಳು ಬೂತಿಗೆ ಸೇರಲ್ಲ, ಕೆಳಗೆ ಬೇರೆ ಸಾಲಿನಲ್ಲಿ ಬರುತ್ತವೆ.

ನಿಜವಾದ ತಲೆನೋವು ಬೂತಿನ ನಂಬರ್. ಮತದಾರರು ಜಾಸ್ತಿಯಾಗಿ ಒಂದು ಬೂತು ಎರಡಾದರೆ ಅಲ್ಲಿಂದ ಮುಂದಿನ ನಂಬರೆಲ್ಲ ಜಾರುತ್ತೆ. ಅದಕ್ಕೆ ನಂಬರ್ ಬಿಟ್ಟು ಊರು, ಶಾಲೆ, ಕೊಠಡಿಯ ದಿಕ್ಕು ಇವನ್ನು ಹಿಡಿದು ಜೋಡಿಸ್ತಾ ಇದ್ದೀನಿ. ಪಾಂಡವಪುರ ಪಟ್ಟಣದಲ್ಲಿ ಇದು ಕಷ್ಟ, ಯಾಕೆಂದರೆ ಒಂದೇ ಶಾಲೆಯಲ್ಲಿ ಹಲವು ಬೂತು, ಯಾವ ಬೀದಿ ಯಾವ ಕೊಠಡಿಗೆ ಬಂತು ಅಂತ ಮತದಾರರ ಪಟ್ಟಿಯನ್ನೇ ತೆಗೆದು ನೋಡಬೇಕು. ಹಳ್ಳಿಗಳಲ್ಲಿ ಸಲೀಸು. ಪುಟ್ಟಣ್ಣಯ್ಯನವರ ಕ್ಯಾತನಹಳ್ಳಿ, ಪುಟ್ಟರಾಜು ಅವರ ಚಿನಕುರಳಿ ಎರಡೂ ಇದೇ ತಾಲ್ಲೂಕಿನವು, ಇವುಗಳ ಸುತ್ತಲಿನ ಊರುಗಳನ್ನು ಬೇರೆ ಗುರುತು ಹಾಕಿ ಇಟ್ಟಿದ್ದೀನಿ. ಸ್ವಂತ ಊರಿನ ಸೆಳೆತ ಎಷ್ಟು ದೂರ ಹೋಗುತ್ತೆ, ಲೋಕಸಭೆಗೆ ಬೇರೆಯವರು ನಿಂತಾಗ ಅದು ಉಳಿಯುತ್ತಾ ಅನ್ನೋದು ನನಗಿರುವ ದೊಡ್ಡ ಕುತೂಹಲ.

ಗ್ರಾಮ ಪಂಚಾಯ್ತಿ ಚುನಾವಣೆ ಸೇರಿಸಿ ಅಂತ ಕೆಲವರು ಹೇಳಿದರು. ಅಲ್ಲಿ ಪಕ್ಷದ ಚಿಹ್ನೆ ಇರಲ್ಲ, ಹೋಲಿಸೋಕೆ ಆಗಲ್ಲ, ಬಿಟ್ಟೆ.

ಒಂದು ವಿಷಯ ಮನಸ್ಸಿಗೆ ತುಂಬಾ ಚುಚ್ಚುತ್ತಿದೆ. ಸಣ್ಣ ಹಳ್ಳಿಗೆ ಒಂದೇ ಬೂತು ಇದ್ದರೆ, ಆ ಸಾಲು ಅಂದರೆ ಆ ಊರೇ. ಯಾರು ಲೀಡ್ ಕೊಟ್ಟರು, ಯಾರು ಕೊಡಲಿಲ್ಲ ಅಂತ ಸಂಜೆಯೊಳಗೆ ಗೊತ್ತಾಗುತ್ತೆ, ಆಮೇಲೆ ರಸ್ತೆಗೂ ಚರಂಡಿಗೂ ಅದೇ ಲೆಕ್ಕ ಬರಬಹುದು. ಹಿಂದೆ ಮತಪತ್ರಗಳನ್ನು ಬೇರೆ ಬೇರೆ ಬೂತಿನವು ಬೆರೆಸಿ ಎಣಿಸುವ ಅವಕಾಶ ಇತ್ತು. ಈಗ ಒಂದೊಂದೇ ಯಂತ್ರದ ಎಣಿಕೆ. ಹಲವು ಯಂತ್ರಗಳನ್ನು ಒಟ್ಟಿಗೆ ಕೂಡುವ ಟೋಟಲೈಸರ್ ಬೇಕು ಅಂತ ಆಯೋಗವೇ 2008ರಲ್ಲಿ ಕೇಳಿತ್ತು, ಜಾರಿಗೆ ಬಂದಿಲ್ಲ. ಬರಲೇಬೇಕು ಅನ್ನುವವನು ನಾನು, ನನ್ನ ಈ ಪಟ್ಟಿ ಅಲ್ಲಿಗೆ ನಿಂತು ಹೋದರೂ ಪರವಾಗಿಲ್ಲ. ಅಲ್ಲಿಯವರೆಗೆ ನಕ್ಷೆಯಲ್ಲಿ ಒಂಟಿ ಊರು ತೋರಿಸಲ್ಲ, ಅಕ್ಕಪಕ್ಕದ ನಾಲ್ಕೈದು ಬೂತು ಸೇರಿಸಿ ಒಂದೇ ಬಣ್ಣ ಕೊಡ್ತೀನಿ. ಯಾವ ಬೂತು ಯಾವುದರ ಜೊತೆ ಅನ್ನೋದನ್ನು ನಾಲೆ ನೀರು ಇರುವ ಕಡೆ, ಇಲ್ಲದ ಕಡೆ ಅಂತ ನೋಡಿ ಗುಂಪು ಮಾಡುವ ಯೋಚನೆ ಇದೆ.

ಮುಂದಿನದು 2013. ಆ ಮೇ ತಿಂಗಳ ಚುನಾವಣೆಯಲ್ಲಿ ನೋಟಾ ಇರಲಿಲ್ಲ, ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು ಸೆಪ್ಟೆಂಬರಿನಲ್ಲಿ. ಹಾಗಾಗಿ ಶೇಕಡಾವಾರು ತೆಗೆಯುವಾಗ ಎಲ್ಲ ವರ್ಷಕ್ಕೂ ನೋಟಾ ಬಿಟ್ಟೇ ಲೆಕ್ಕ ಹಾಕ್ತೀನಿ. ಇದೇ ಕ್ಷೇತ್ರಕ್ಕೆ ಸೇರಿದ ದುದ್ದ ಹೋಬಳಿ ಕಡೆಯವರು ಯಾರಾದರೂ ಇದ್ದರೆ, ಹಳೇ ಬೂತುಗಳು ಯಾವ ಶಾಲೆಯಲ್ಲಿದ್ದವು ಅಂತ ಹೇಳಿದರೆ ದೊಡ್ಡ ಉಪಕಾರ. ಆ ಭಾಗದ್ದೇ ಇನ್ನೂ ಖಾಲಿ ಇದೆ.