ಬಲ್ಬ್ ಏನ್ ಮಾಡುತ್ತೆ ಪಾಪ

ಜುಲೈ 6, 2024, ಶನಿವಾರ
ಮೈಸೂರು

ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ನನ್ನ ಹಳೇ ಜಾವಾ ಬೈಕಿನ ಹೆಡ್‌ಲೈಟ್ ಬಿಚ್ಚಿಟ್ಟುಕೊಂಡು ಶೆಡ್ಡಿನಲ್ಲಿ ಕೂತಿದ್ದೆ. ತಿಂಡಿಗೆ ಕರೆದು ಕರೆದು ಸಾಕಾಗಿ ಮನೆಯವಳು ಉಪ್ಪಿಟ್ಟಿನ ತಟ್ಟೆಯನ್ನು ಟೂಲ್ ಬಾಕ್ಸ್ ಮೇಲೆ ಇಟ್ಟು ಹೋದಳು. ಅದು ಆರಿ ಗಟ್ಟಿಯಾದರೂ ಮುಟ್ಟಿರಲಿಲ್ಲ.

ಇದೆಲ್ಲ ಶುರುವಾಗಿದ್ದು ಕಳೆದ ತಿಂಗಳು. ಸುತ್ತೂರು ಕಡೆ ಅಕ್ಕನ ಮನೆಗೆ ಹೋಗಿದ್ದೆ. ವಾಪಸ್ ಹೊರಡುವಾಗ ಕತ್ತಲಾಗಿತ್ತು. "ಉಳ್ಕೊಳೋ, ಬೆಳಗ್ಗೆ ಹೋಗುವಂತೆ" ಅಂದರು ಭಾವ. ಕೇಳಲಿಲ್ಲ. ವರುಣಾ ಇನ್ನೂ ಸ್ವಲ್ಪ ದೂರ ಇರುವಾಗ ಎದುರಿಗೆ ಏನೋ ಕಪ್ಪಗೆ ಕಂಡಿತು. ಕಂಡಿತು ಅನ್ನುವಷ್ಟರಲ್ಲಿ ಪಕ್ಕದಲ್ಲೇ ಇತ್ತು. ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೈಲರ್. ಹ್ಯಾಂಡಲ್ ಎಳೆದು ಮಣ್ಣಿಗಿಳಿದೆ. ಪುಣ್ಯಕ್ಕೆ ಬೀಳಲಿಲ್ಲ. ತಪ್ಪು ಟ್ರ್ಯಾಕ್ಟರಿನವನದೂ ಹೌದು. ಆದರೆ ನನ್ನ ಹೆಡ್‌ಲೈಟ್ ಬೆಳಕೂ ದೇವರ ಮನೆಯ ದೀಪಕ್ಕಿಂತ ಒಂಚೂರು ಜಾಸ್ತಿ, ಅಷ್ಟೇ.

ನನ್ನದು 1968ರ ಜಾವಾ 250. ಇದೇ ಊರಿನ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಹುಟ್ಟಿದ್ದು. ಆ ಫ್ಯಾಕ್ಟರಿ 1996ರಲ್ಲಿ ಬಾಗಿಲು ಹಾಕಿತು, ಗಾಡಿ ಮಾತ್ರ ಇನ್ನೂ ಓಡುತ್ತಿದೆ. ಇದರ ಕರೆಂಟ್ ಎಲ್ಲಾ 6 ವೋಲ್ಟ್. ಡೈನಮೋ ಕೊಡುವುದು 45 ವ್ಯಾಟ್. ಹೆಡ್‌ಲೈಟ್ ಒಂದೇ 35 ವ್ಯಾಟ್ ತಿನ್ನುತ್ತೆ. ಉಳಿದ ಹತ್ತರಲ್ಲಿ ಟೈಲ್ ಲೈಟು, ಮೀಟರ್ ಲೈಟು, ಇಗ್ನಿಷನ್ ಕಾಯಿಲು, ಹಾರ್ನು ಎಲ್ಲರೂ ಹಂಚಿಕೊಳ್ಳಬೇಕು. ತುಂಬಿದ ಮನೆಗೆ ಒಬ್ಬನ ಸಂಬಳ ಇದ್ದ ಹಾಗೆ. ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ನಿಧಾನವಾಗಿ ಅದೂ ಇಲ್ಲ. ಡೈನಮೋ ಚಾರ್ಜ್ ಕೊಡ್ತಿಲ್ಲ ಅಂತ ಹೇಳುವ ಕೆಂಪು ಲೈಟ್ ಹತ್ತಿಕೊಳ್ಳುತ್ತೆ, ಹೆಡ್‌ಲೈಟ್ ಊದುಬತ್ತಿ ಆಗುತ್ತೆ. 2017ರ ಏಪ್ರಿಲ್‌ನಿಂದ ಹೊಸ ಟೂ ವೀಲರ್‌ಗಳಲ್ಲಿ ಹಗಲೂ ಲೈಟ್ ಉರೀಲೇಬೇಕು. ಆ ನಿಯಮ ಇದಕ್ಕೂ ಬಂದಿದ್ದರೆ ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಮಲಗಿರುತ್ತಿತ್ತು.

ಟ್ರ್ಯಾಕ್ಟರ್ ಪ್ರಸಂಗದ ಮಾರನೇ ದಿನವೇ ಆನ್‌ಲೈನ್‌ನಲ್ಲಿ ಎಲ್‌ಇಡಿ ಬಲ್ಬ್ ತರಿಸಿದೆ. ₹450. ಹಿಂದೆ ಬಿಸಿ ಹೊರಹಾಕುವ ದೊಡ್ಡ ಹೀಟ್ ಸಿಂಕ್ ಇದ್ದದ್ದರಿಂದ ಹೆಡ್‌ಲೈಟಿನ ಗುಂಡನೆ ಡಬ್ಬ, ಅಂದರೆ ಡೂಮ್ ಒಳಗೆ ಕೂರಲೇ ಒಲ್ಲೆ ಅಂದಿತು. ವೈರ್‌ಗಳನ್ನೆಲ್ಲ ಅತ್ತಿತ್ತ ತಳ್ಳಿ ಹೇಗೋ ತುರುಕಿದೆ. ಕಾಂಪೌಂಡ್ ಗೋಡೆ ಮೇಲೆ ಬಿಟ್ಟರೆ ಆಹಾ, ಹಾಲು ಚೆಲ್ಲಿದ ಹಾಗೆ ಬೆಳಕು. ಖುಷಿಯೋ ಖುಷಿ. ರಾತ್ರಿ ರಿಂಗ್ ರೋಡಿಗೆ ಹೋದೆ ನೋಡಿ, ಚಕ್ರದ ಮುಂದೆ ಒಂದು ಬಿಳಿ ಗುಂಡಿ, ಅದರಾಚೆ ಕಗ್ಗತ್ತಲು. ಎದುರಿಗೆ ಬಂದ ಆಟೋದವನು ನಿಲ್ಲಿಸಿ, ಇಲ್ಲಿ ಬರೆಯೋಕಾಗದ ಮಾತು ಹೇಳಿ ಹೋದ. ಡಿಮ್ ಮಾಡಿದ್ದೇನೆ ಅಂದುಕೊಂಡಿದ್ದೆ ನಾನು. ಡಿಮ್ಮಿಗೂ ಬ್ರೈಟಿಗೂ ವ್ಯತ್ಯಾಸವೇ ಇರಲಿಲ್ಲ.

ಆಮೇಲೆ ಕೂತು ಯೋಚಿಸಿದರೆ ಕಾರಣ ಸರಳ. ಹಳೇ ಬಲ್ಬ್‌ನಲ್ಲಿ ಉರಿಯುವುದು ಅಕ್ಕಿಕಾಳಿನಷ್ಟು ತಂತಿ. ಆ ತಂತಿ ಎಲ್ಲಿ ಇರಬೇಕೋ ಅಲ್ಲೇ ಇದ್ದರೆ ಮಾತ್ರ ಅದರ ಹಿಂದಿನ ಕನ್ನಡಿಯಂಥ ಬಟ್ಟಲು, ಅಂದರೆ ರಿಫ್ಲೆಕ್ಟರ್, ಬೆಳಕನ್ನು ಒಟ್ಟು ಮಾಡಿ ದೂರ ಎಸೆಯುತ್ತೆ. ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಬೆಳಕು ಚೆಲ್ಲಾಪಿಲ್ಲಿ. ನನ್ನ ಎಲ್‌ಇಡಿಯಲ್ಲಿ ಚಿಪ್‌ಗಳು ಎರಡೂ ಬದಿಗೆ ಉದ್ದಕ್ಕೆ ಅಂಟಿಕೊಂಡಿದ್ದವು. ರಿಫ್ಲೆಕ್ಟರ್ ಪಾಪ ಯಾವುದನ್ನು ಅಂತ ಹಿಡಿಯುತ್ತೆ? ಹಳೇ ಡೂಮ್‌ಗೆ ಸರಿಯಾಗಿ ಕೂರುವ ಎಲ್‌ಇಡಿ ಇಲ್ಲವೇ ಇಲ್ಲ ಅಂತಲ್ಲ. ನಾನು ತಂದದ್ದು ಅಂಥದ್ದಲ್ಲ.

ಗುರುವಾರ ನಮ್ಮ ಹಳೇ ಮೇಸ್ತ್ರಿ ಹತ್ತಿರ ಹೋದೆ. ವಯಸ್ಸಾಗಿದೆ, ಈಗ ಕೆಲಸ ಕಮ್ಮಿ ಮಾಡಿದ್ದಾರೆ. ಎಲ್‌ಇಡಿ ತೋರಿಸಿದರೆ ಕೈಗೂ ತಗೊಳ್ಳಲಿಲ್ಲ.

"ಬಲ್ಬ್ ಏನ್ ಮಾಡುತ್ತೆ ಸಾರ್ ಪಾಪ. ಅದಕ್ಕೆ ಊಟ ಹೋಗ್ತಿದ್ಯಾ ಅಂತ ನೋಡಿದ್ರಾ?"

ನೋಡಿರಲಿಲ್ಲ.

ಅದನ್ನೇ ಇವತ್ತು ನೋಡಿದ್ದು. ಹಳೇ ಬಲ್ಬ್ ವಾಪಸ್ ಹಾಕಿ, ಲೈಟ್ ಹೊತ್ತಿಸಿ ಮಲ್ಟಿಮೀಟರ್ ಹಿಡಿದೆ. ಬ್ಯಾಟರಿಯಲ್ಲಿ 6.2 ವೋಲ್ಟ್. ಬಲ್ಬ್ ಹೋಲ್ಡರ್‌ನಲ್ಲಿ 5.1. ಮಧ್ಯೆ 1.1 ವೋಲ್ಟ್ ನಾಪತ್ತೆ. ಒಂದು ವೋಲ್ಟ್ ತಾನೆ ಅನ್ನಬೇಡಿ. ತಂತಿ ಬಲ್ಬ್‌ನಲ್ಲಿ ವೋಲ್ಟೇಜ್ ಶೇಕಡಾ 10 ಇಳಿದರೆ ಬೆಳಕು ಸುಮಾರು ಶೇಕಡಾ 30 ಇಳಿಯುತ್ತೆ. ನನ್ನ ಲೆಕ್ಕಕ್ಕೆ ಅರ್ಧಕ್ಕರ್ಧ ಬೆಳಕು ವೈರಿನಲ್ಲೇ ಸೋರಿಹೋಗುತ್ತಿತ್ತು. 6 ವೋಲ್ಟ್ ಗಾಡಿಗಳ ಕರ್ಮ ಇದು. 35 ವ್ಯಾಟ್ ಬಲ್ಬ್ 12 ವೋಲ್ಟ್ ಗಾಡಿಯಲ್ಲಿ 3 ಆಂಪಿಯರ್ ಎಳೆದರೆ ಇಲ್ಲಿ ಹತ್ತಿರ ಹತ್ತಿರ 6 ಎಳೆಯುತ್ತೆ. ಒಂದು ಜಾಯಿಂಟ್ ಸಡಿಲ ಇದ್ದರೂ ಬೆಳಕಿನ ಮೇಲೆ ಗೊತ್ತಾಗಿಬಿಡುತ್ತೆ.

ಎಲ್ಲಿ ಸೋರುತ್ತಿದೆ ಅಂತ ಒಂದೊಂದೇ ಹುಡುಕಿದೆ. ಜಾವಾದಲ್ಲಿ ಹೆಡ್‌ಲೈಟ್ ಮೇಲೆಯೇ ಕೀ. ಮೊಳೆಯಂಥ ಕೀ. ಆ ಸ್ವಿಚ್ಚಿನ ಒಳಗೆ ಹಿತ್ತಾಳೆ ಪತ್ತಿಗಳು ಕರೀ ಬಣ್ಣಕ್ಕೆ ತಿರುಗಿದ್ದವು. ಉಪ್ಪುಕಾಗದದಲ್ಲಿ ಉಜ್ಜಿದೆ. ಬಲ್ಬ್ ಹೋಲ್ಡರ್ ತಳದಲ್ಲಿ ಹಳೇ ತಾಮ್ರದ ಚೊಂಬಿನಲ್ಲಿ ಕಟ್ಟುವಂಥ ಹಸಿರು ಕಿಲುಬು. ಸ್ಪ್ರಿಂಗ್ ಒತ್ತಿದರೆ ಒಳಗೆ ಹೋದದ್ದು ಹೊರಗೆ ಬರುತ್ತಿರಲಿಲ್ಲ. ಆದರೆ ದೊಡ್ಡ ಕಳ್ಳ ಅರ್ತಿಂಗು, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಡೂಮಿನಿಂದ ಅರ್ತ್ ವೈರೇ ಇಲ್ಲ. ಕರೆಂಟು ಹ್ಯಾಂಡಲ್ ಬೇರಿಂಗ್ ಮೂಲಕ, ಗ್ರೀಸ್ ಮೆತ್ತಿದ ಗೋಲಿಗಳನ್ನು ದಾಟಿ ಫ್ರೇಮಿಗೆ ಹೋಗಬೇಕಿತ್ತು. ಹೋಲ್ಡರ್‌ನಿಂದ ಬ್ಯಾಟರಿಯ ಅರ್ತಿಗೆ ನೇರವಾಗಿ ಒಂದು ದಪ್ಪ ವೈರ್ ಎಳೆದೆ. ಹ್ಯಾಂಡಲ್ ಪೂರ್ತಿ ತಿರುಗಿದಾಗ ಎಳೆಯದಂತೆ ಒಂದಷ್ಟು ಸಡಿಲ ಬಿಟ್ಟೆ.

ಮತ್ತೆ ಮೀಟರ್. 5.9!

ಶೆಡ್ಡಿನಲ್ಲಿ ಒಬ್ಬನೇ ಕೂಗಿಕೊಂಡೆ. ಒಳಗಿನಿಂದ "ಏನಾಯ್ತು, ಶಾಕ್ ಹೊಡೀತಾ?" ಅಂತ ಕೇಳಿದಳು. 6 ವೋಲ್ಟಿಗೆ ಶಾಕ್ ಹೊಡೆಯಲ್ಲ ಅಂತ ವಿವರಿಸೋಕೆ ಹೋಗಲಿಲ್ಲ.

ಆಮೇಲೆಯೇ ಹೊಸ ಬಲ್ಬ್ ಹಾಕಿದ್ದು. ಹಳೇ ಹೋಲ್ಡರ್‌ಗೇ ಕೂರುವ 6 ವೋಲ್ಟ್ 35/35 ಹ್ಯಾಲೊಜೆನ್, ಅಂದರೆ ಬ್ರೈಟಿಗೆ 35 ವ್ಯಾಟ್, ಡಿಮ್ಮಿಗೂ 35. ಅಷ್ಟೇ ವ್ಯಾಟ್, ಡೈನಮೋ ಮೇಲೆ ಹೆಚ್ಚಿನ ಹೊರೆ ಇಲ್ಲ, ಬೆಳಕು ಮಾತ್ರ ಬೆಳ್ಳಗೆ, ಜಾಸ್ತಿ. ಇದರ ಗಾಜನ್ನು ಬೆರಳಿನಿಂದ ಮುಟ್ಟಬಾರದು. ಚರ್ಮದ ಎಣ್ಣೆ ಅಂಟಿದ ಕಡೆ ಕಾದು ಗಾಜು ಹಾಳಾಗುತ್ತೆ. ಮೊದಲೇ ಉಪ್ಪಿಟ್ಟಿನ ಕೈ. ಟಿಶ್ಯೂ ಸುತ್ತಿ ಹಿಡಿದು ಕೂರಿಸಿದೆ. ರಿಫ್ಲೆಕ್ಟರ್ ಮಂಕಾಗಿದೆ, ಆದರೂ ಒರೆಸಲಿಲ್ಲ, ಬೆಳ್ಳಿ ಲೇಪ ಕಿತ್ತು ಬರುತ್ತೆ. ಗೆಳೆಯನೊಬ್ಬ ಅವನದಕ್ಕೆ ಬಂಪರ್ ಥರ ಕ್ರೋಮ್ ಹಾಕಿಸಿದ್ದಾನೆ. ಕಣ್ಣಿಗೆ ಪಳಪಳ, ರಸ್ತೆಗೆ ಬೆಳಕು ಇನ್ನೂ ಕಮ್ಮಿ. ಕ್ರೋಮ್ ಬೆಳ್ಳಿಯಷ್ಟು ಬೆಳಕನ್ನು ವಾಪಸ್ ಕೊಡಲ್ಲ. ಅವನೇ ಈಗ ಡೈನಮೋ ತೆಗೆಸಿ 12 ವೋಲ್ಟ್ ಕಿಟ್ ಹಾಕಿಸು ಅಂತ ನನ್ನ ಬೆನ್ನು ಬಿದ್ದಿದ್ದಾನೆ. ಅವನು ಹೇಳೋದು ತಪ್ಪೇನಲ್ಲ. ದಿನಾ ರಾತ್ರಿ ಓಡಿಸುವವರಿಗೆ ಅದೇ ಸರಿ. ನನಗೆ ಈ ಡೈನಮೋನ ಬಿಚ್ಚಿ ಅಟ್ಟಕ್ಕೆ ಹಾಕೋಕೆ ಮನಸ್ಸಿಲ್ಲ, ಅಷ್ಟೇ.

ಸಂಜೆ ಮಳೆ ಬಿಟ್ಟಿತು. ಏಳೂವರೆಗೆ ಅದೇ ರಸ್ತೆ ಹಿಡಿದು ವರುಣಾ ದಾಟಿ ಹೋದೆ. ಹೊಸ ಬೈಕುಗಳ ಮುಂದೆ ಈಗಲೂ ಇದು ಏನೂ ಅಲ್ಲ. ಆದರೆ ಬ್ರೈಟ್ ಹಾಕಿದರೆ ಮೈಲಿಗಲ್ಲಿನ ಮೇಲಿನ ಅಕ್ಷರ ದೂರದಿಂದಲೇ ಓದೋಕಾಯಿತು. ರಸ್ತೆ ಬದಿ ಕೂತಿದ್ದ ನಾಯಿಯ ಕಣ್ಣು ಮಿಂಚಿತು, ಬ್ರೇಕ್ ಒತ್ತೋಕೆ ಸಮಯ ಸಿಕ್ಕಿತು. ಡಿಮ್ ಮಾಡಿದಾಗ ಎದುರಿನ ಬಸ್ಸಿನವನೂ ಡಿಮ್ ಮಾಡಿದ. ಯಾರೂ ಬೈಯಲಿಲ್ಲ.

ಮನೆಗೆ ಬಂದು ಸ್ಟ್ಯಾಂಡ್ ಹಾಕಿ ಹಿಂದೆ ಹೋಗಿ ನೋಡಿದರೆ ಟೈಲ್ ಲೈಟ್ ಉರೀತಿಲ್ಲ. ಎಲ್ಲಿಂದ ಹಾಗೆ ಬಂದೆನೋ. ಟ್ರ್ಯಾಕ್ಟರಿನವನನ್ನು ಬೈದುಕೊಂಡಿದ್ದು ನೆನಪಾಯಿತು. ಬಲ್ಬ್ ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸಿದೆ, ಒಳಗೆ ಚಿಲ್ ಚಿಲ್ ಅಂತಿದೆ. ನಾಳೆ ಭಾನುವಾರ, ಅಂಗಡಿ ಇರಲ್ಲ. 14ಕ್ಕೆ ಜಾವಾ ದಿನದ ರೈಡು. ಸೋಮವಾರ ಹೋಗಿ ಎರಡು ತಂದಿಟ್ಟುಕೊಳ್ಳಬೇಕು.